ಕಾವೇರಮ್ಮನ ಹಂಡೆ ನೀರು

ನಮ್ಮತ್ತೆ ಕಾವೇರಮ್ಮನಿಗೆ ಒಂದು ಹುಚ್ಚಿತ್ತು. ಬಂದವರಿಗೆಲ್ಲ ಕೈಕಾಲು ತೊಳೆಸುವ ಹುಚ್ಚು. ಬೈರಾಪಟ್ಟಣದಲ್ಲಿ ನಮ್ಮದು ರೇಷ್ಮೆಹುಳು ಸಾಕುವ ಮನೆ. ಹೊರಗಿನ ಕೊಳೆ ಒಂದಿಷ್ಟು ಹತ್ತಿದರೂ ಹುಳುವಿಗೆ ರೋಗ ಬರುತ್ತದೆ, ರೋಗ ಬಂದರೆ ತಿಂಗಳ ದುಡಿಮೆ ತಿಪ್ಪೆಗೆ. ಅದಕ್ಕೇ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ ಸದಾ ಇರುತ್ತಿತ್ತು. ಅದರಲ್ಲಿ ಕಾಲದ್ದಿ, ಪಕ್ಕದ ಚೊಂಬಿನ ನೀರಲ್ಲಿ ಕೈ ತೊಳೆದು, ಆಮೇಲೆ ಒಳಗೆ. ಹುಳು ಸಾಕುವ ಎಲ್ಲರ ಮನೆಯಲ್ಲೂ ಇದು ಇದ್ದದ್ದೇ. ಆದರೆ ನಮ್ಮತ್ತೆಯದು ಒಂದು ಕೈ ಮೇಲು. ಬೂಟು ಬಿಚ್ಚಲು ಬೇಜಾರು ಮಾಡಿಕೊಂಡ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರನ್ನು ಜಗಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು, ಹುಳು ತೋರಿಸದೆ ವಾಪಸ್ಸು ಕಳಿಸಿದವರು ಅವರು.

ನಾನು ಕನಕಪುರದ ಆಚೆ ಉಯ್ಯಂಬಳ್ಳಿಯವಳು. ಮದುವೆಯಾಗಿ ಬಂದ ದಿನ, ಹೊಸಲಿನ ಮೇಲಿನ ಸೇರಕ್ಕಿ ಒದ್ದು ಇನ್ನೂ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಅತ್ತೆ ನನ್ನನ್ನು ಸೀದಾ ಬಚ್ಚಲಿಗೆ ಕರೆದುಕೊಂಡು ಹೋದರು. "ರಸ್ತೆ ಧೂಳೆಲ್ಲ ಹೊತ್ಕಂಡ್ ಬಂದಿದ್ದೀಯ ಕಣಮ್ಮಿ. ಹುಳ ಜ್ವರಕ್ಕೆ ಕೂತವೆ" ಅಂದರು. ಹುಳು ಮೇವು ಬಿಟ್ಟು, ಪೊರೆ ಕಳಚಲು ಸುಮ್ಮನೆ ತಲೆಯೆತ್ತಿಕೊಂಡು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಸೊಸೆಗಿಂತ ಹುಳವೇ ಹೆಚ್ಚಾಯಿತಲ್ಲ ಈ ಹೆಂಗಸಿಗೆ ಅಂತ ನಾನು ಒಳಗೊಳಗೇ ಕುದಿದೆ. ನನ್ನ ಗಂಡ ನಾಗರಾಜು ಬಚ್ಚಲ ಬಾಗಿಲಲ್ಲಿ ನಿಂತು ನಗುತ್ತಿದ್ದರು. ಮಿಲಿಟರಿಯಲ್ಲಿದ್ದವರು. "ನಮ್ಮ ಸುಬೇದಾರ್ ಸಾಹೇಬ್ರೇ ವಾಸಿ ಕಣೆ, ಬೂಟು ಹೊಳೆದ್ರೆ ಸಾಕು ಅವರಿಗೆ" ಅಂದರು.

ಮಾವ ರಾಮಲಿಂಗಯ್ಯನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಅವರು ತೀರಿಕೊಂಡಾಗ ಅತ್ತೆ ಇನ್ನೂ ಹರೆಯದ ಹೆಂಗಸು. ನಾಗರಾಜು ಮತ್ತು ಅವರ ತಮ್ಮ ಮನೋಹರ್, ಇಬ್ಬರನ್ನೂ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪು ಹೊತ್ತೇ ದೊಡ್ಡವರನ್ನಾಗಿ ಮಾಡಿದರು. ಮದುವೆಯಾಗಿ ಎಷ್ಟು ದಿನವಾದರೂ ನನಗೆ ಮಕ್ಕಳಾಗದಿದ್ದಾಗ ಊರವರು ಮೂಗು ಮುರಿದರು. ಅತ್ತೆ ಯಾರಿಗೂ ಹೇಳದೆ ದೊಡ್ಡಮಳೂರಿಗೆ ಹೋಗಿ ಅಂಬೆಗಾಲು ಕೃಷ್ಣನಿಗೆ ಮರದ ತೊಟ್ಟಿಲು ಹರಕೆ ಹೊತ್ತು ಬಂದರು. ಪುಟ್ಟಿ ಹುಟ್ಟಿದ ಮೇಲೆ ತೊಟ್ಟಿಲು ಒಪ್ಪಿಸಲು ಹೋದಾಗಲೇ ನನಗೆ ಆ ವಿಷಯ ಗೊತ್ತಾದದ್ದು.

ಪುಟ್ಟಿ ಗೋಡೆ ಹಿಡಿದುಕೊಂಡು ನಡೆಯಲು ಕಲಿಯುತ್ತಿದ್ದಳು. ಎರಡು ಸಾವಿರದ ಎರಡನೇ ಇಸವಿ. ಕಾಶ್ಮೀರದ ಗಡಿಯಲ್ಲಿ ನೆಲಬಾಂಬು ಸಿಡಿದು ನಾಗರಾಜು ಹೋದರು. ಬಾವುಟ ಹೊದಿಸಿದ ಪೆಟ್ಟಿಗೆ ಮಿಲಿಟರಿ ಲಾರಿಯಲ್ಲಿ ಬಂತು. ನಮ್ಮಲ್ಲಿ ಸತ್ತವರಿಗೆ ಮನೆ ಮುಂದೆ ಮೈ ತೊಳೆಸಿಯೇ ಮಣ್ಣಿಗೆ ಕಳಿಸುವುದು. ಅತ್ತೆ ಬೆಳಿಗ್ಗೆಯೇ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ ಇಟ್ಟುಕೊಂಡಿದ್ದರು. ಪೆಟ್ಟಿಗೆ ಇಳಿಸಿದ ಕೂಡಲೇ, "ತೆಗೀರಪ್ಪ, ನನ್ ಮಗನ್ಗೆ ಒಸಿ ನೀರು ಹುಯ್ತೀನಿ" ಅಂದರು.

ಜೊತೆಗೆ ಬಂದಿದ್ದ ಹವಾಲ್ದಾರರು ಧಾರವಾಡದ ಕಡೆಯವರು. "ತಗೀಲಿಕ್ಕೆ ಬರಂಗಿಲ್ಲವ್ವಾ. ನೋಡೂ ಹಂಗ ಇಲ್ಲ" ಅಂದರು.

ಅತ್ತೆ ಎರಡನೇ ಸಲ ಕೇಳಲಿಲ್ಲ. ಚೊಂಬಿನಲ್ಲಿ ನೀರು ತಂದು ಪೆಟ್ಟಿಗೆಯ ಸುತ್ತ ನೆಲಕ್ಕೆ ಹೊಯ್ದರು. ಮಿಕ್ಕ ನೀರು ಹಂಡೆಯಲ್ಲೇ ತಣ್ಣಗಾಯಿತು. ನಮ್ಮದೇ ಹೊಲದಲ್ಲಿ, ಪಂಪ್‌ಸೆಟ್ ಪಕ್ಕ ಹೊಂಗೆ ಮರದ ಕೆಳಗೆ ಮಣ್ಣು ಮಾಡಿದರು. ಬಂದೂಕು ಹಾರಿಸಿದರು. ಮಡಿಸಿದ ಬಾವುಟವನ್ನು ನನ್ನ ಕೈಗೆ ಕೊಟ್ಟರು. ಹಂಡೆಯ ಆ ನೀರನ್ನು ಚೆಲ್ಲಲು ಮಾತ್ರ ಅತ್ತೆ ಯಾರನ್ನೂ ಬಿಡಲಿಲ್ಲ.

ಹನ್ನೊಂದನೇ ದಿನ ಊರಿನ ಹಿರಿಯ ಹೆಂಗಸರು ನನ್ನ ಕುಂಕುಮ ಅಳಿಸಿ ಬಳೆ ತೆಗೆಸಲು ಬಂದು ಕೂತರು. ಕೆಟ್ಟವರಲ್ಲ, ಶಾಸ್ತ್ರ ಅಂತ ಬಂದವರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ನನ್ ಗಂಡ ಸತ್ತಾಗ ನಂಗೆ ಅಳಿಸಿದ್ರಿ. ಆವತ್ನಿಂದ ನಾನು ಕನ್ನಡಿ ನೋಡ್ಕಂಡಿಲ್ಲ. ಇವಳ್ ಹಣೆ ಇವಳ ಅಪ್ಪನ ಮನೆಯಿಂದ ತಂದದ್ದು, ನನ್ ಮಗ ಕೊಟ್ಟದ್ದಲ್ಲ. ಕಾಫಿ ಕುಡ್ಕಂಡ್ ಹೋಗಿ" ಅಂದರು. ಕಾಫಿ ಕುಡಿದು ಹೋದರು. ಮದುವೆಯ ದಿನ ಬಚ್ಚಲಲ್ಲಿ ಕುದಿದಿದ್ದೆನಲ್ಲ, ಆ ಸಿಟ್ಟು ಅವತ್ತು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆಮೇಲೆ ಸಮಾಧಿ ಕಟ್ಟಿಸಿದೆವು. ದೊಡ್ಡದೇನಲ್ಲ. ಸೈಜುಗಲ್ಲಿನ ಕಟ್ಟೆ, ಹೆಸರು ಕೆತ್ತಿದ ಒಂದು ಕರಿಕಲ್ಲು. ಅತ್ತೆ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದಾಗ ಅದನ್ನು ಗುಡಿಸಿ, ಮಗನ ಜೊತೆ ಹುಳುವಿನ ಸಮಾಚಾರ ಮಾತಾಡಿ ಬರುತ್ತಿದ್ದರು. ಮಹಾಲಯ ಅಮಾವಾಸ್ಯೆಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಎಡೆ ಇಡುತ್ತಿದ್ದರು. ಅಲ್ಲಿಯವರೆಗೆ ಅದು ನಮ್ಮ ಮನೆಯ ವಿಷಯವಾಗಿತ್ತು.

ಎರಡು ಸಾವಿರದ ನಾಲ್ಕರ ಚುನಾವಣೆಯಲ್ಲಿ ಅದು ಎಲ್ಲರ ವಿಷಯವಾಯಿತು. ಒಂದು ಪಾರ್ಟಿಯವರು ಬಂದು ಹಾರ ಹಾಕಿದರು ಅಂತ ಇನ್ನೊಂದು ಪಾರ್ಟಿಯವರು ಅದಕ್ಕಿಂತ ದಪ್ಪ ಹಾರ ತಂದರು. ಪಟಾಕಿ ಹೊಡೆದರು. ಹಿಪ್ಪುನೇರಳೆ ಸಾಲುಗಳನ್ನೆಲ್ಲ ತುಳಿದರು. ಒಬ್ಬ ಪುಣ್ಯಾತ್ಮ ಮೆರವಣಿಗೆ ಕಾಣಲಿ ಅಂತ ಚಪ್ಪಲಿಗಾಲಲ್ಲೇ ಕಟ್ಟೆ ಹತ್ತಿ ನಿಂತು ಕೈ ಬೀಸಿದ. ಅವರು ಹೋದ ಮೇಲೆ ಅತ್ತೆ ಕಟ್ಟೆಯನ್ನು ತೊಳೆದರು. ಹಾರದಲ್ಲಿದ್ದ ಪಾರ್ಟಿಯ ಪಟ್ಟಿಗಳನ್ನು ಬಿಚ್ಚಿ ಒಲೆಗೆ ಹಾಕಿದರು. ಹೂವನ್ನು ಅಲ್ಲೇ ಬಿಟ್ಟರು. "ಹೂವು ಏನ್ ಮಾಡ್ತು ಪಾಪ" ಅಂದರು.

ಅಷ್ಟರಲ್ಲಿ ನಮ್ಮ ಸೀಮೆಯ ಚಹರೆಯೇ ಬದಲಾಗುತ್ತಿತ್ತು. ಬಿಡದಿಯಲ್ಲಿ ಕಾರ್ಖಾನೆಗಳು, ಹಾರೋಹಳ್ಳಿಯಲ್ಲಿ ಕಾರ್ಖಾನೆಗಳು. ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸುಗಳು ಹೆದ್ದಾರಿಯಲ್ಲಿ ಹುಡುಗರನ್ನು ತುಂಬಿಕೊಂಡು ಹೋಗುತ್ತಿದ್ದವು. ಮನೋಹರ್ ಬಿಡದಿಯ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲಿದ್ದ. ಇವತ್ತು ಬಾ ಅನ್ನುತ್ತಾರೆ, ನಾಳೆ ಬೇಡ ಅನ್ನುತ್ತಾರೆ. ಅದೇ ಕಾರಣಕ್ಕೆ ಎರಡು ಕಡೆ ಹೆಣ್ಣು ಕೊಡಲು ಹಿಂದೇಟು ಹಾಕಿದ್ದರು. ಪರ್ಮನೆಂಟ್ ಅನ್ನುವ ಒಂದು ಮಾತಿಗಾಗಿ ಅವನು ಎಷ್ಟು ಜನರ ಮನೆ ಬಾಗಿಲು ಕಾದಿದ್ದನೋ.

ಎರಡು ಸಾವಿರದ ಎಂಟರಲ್ಲಿ ಮತ್ತೆ ಚುನಾವಣೆ ಬಂತು. ಅಭ್ಯರ್ಥಿ ದೊಡ್ಡಹನುಮಯ್ಯನವರು ಮಾಗಡಿ ಕಡೆಯವರು. ಹೆದ್ದಾರಿಯ ಪಕ್ಕ ಹೊಲಗಳನ್ನು ಕೊಂಡು ಸೈಟು ಮಾಡಿ ಮಾರಿ ಮೇಲೆ ಬಂದವರು. ಕಾರ್ಖಾನೆಯಲ್ಲಿ ಅವರ ಮಾತು ನಡೆಯುತ್ತಿತ್ತು. "ನಿಮ್ಮಣ್ಣನ ಸಮಾಧಿಯಿಂದಲೇ ಪ್ರಚಾರ ಶುರು ಮಾಡೋಣ, ನಿಮ್ಮತ್ತಿಗೆ ವೇದಿಕೆ ಮೇಲೆ ಕೂತರೆ ಸಾಕು. ಗೆದ್ದ ತಿಂಗಳೇ ನಿನ್ನ ಕೆಲಸ ಪರ್ಮನೆಂಟ್" ಅಂದಿದ್ದರಂತೆ. ಮನೋಹರ್ ಒಪ್ಪಿಕೊಂಡು ಬಂದಿದ್ದ. ನಮ್ಮನ್ನು ಕೇಳದೆ ಒಪ್ಪಿಕೊಂಡು ಬಂದಿದ್ದ.

ಪ್ರಚಾರದ ಹಿಂದಿನ ದಿನ ಮಧ್ಯಾಹ್ನ ಅವರ ಕಡೆಯ ಪುನೀತ್ ಅನ್ನುವವರು ಮನೆಗೆ ಬಂದರು. ಬೆಂಗಳೂರಿನಿಂದ ಪ್ರಚಾರಕ್ಕೆಂದೇ ಕರೆಸಿದವರು. ಬಲು ವಿನಯದ ಮನುಷ್ಯ. ಸಮಾಧಿ ನೋಡಿದರು, ಶಾಮಿಯಾನ ಎಲ್ಲಿ, ಕ್ಯಾಮೆರಾ ಎಲ್ಲಿ ಅಂತ ಅಳೆದರು. ಮೊದಲು ಸಮಾಧಿಗೆ ಹಾರ, ಆಮೇಲೆ ಊರೊಳಗೆ ಮನೆಮನೆ ಬಾಗಿಲಲ್ಲಿ ಆರತಿ, ಕೊನೆಗೆ ವೇದಿಕೆ. ಎಲ್ಲ ಹೇಳಿ ಮುಗಿಸಿ ನನ್ನನ್ನೊಮ್ಮೆ ನೋಡಿದರು.

"ಮೇಡಂ, ನಾಳೆ ಒಂದು ದಿನ ಕುಂಕುಮ ಬೇಡ. ಬಳೇನೂ ಬೇಡ. ಸೀರೆ ಬಿಳಿ ಇದ್ರೆ ಒಳ್ಳೇದು. ದೂರದಲ್ಲಿ ಕೂತೋರಿಗೂ ಗೊತ್ತಾಗ್ಬೇಕಲ್ವಾ" ಅಂದರು.

ನನಗೆ ಮೈಯೆಲ್ಲ ಉರಿಯಿತು. ನಾಗರಾಜುವಿನ ಸಾವು ಜನರಿಗೆ ಕಾಣಬೇಕಾದರೆ ನನ್ನ ಹಣೆ ಬೋಳಾಗಬೇಕು! ಮನೋಹರ್ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ. "ಒಂದಿನ ತಾನೆ ಅತ್ತಿಗೆ" ಅಂದ. ಅವನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಬೈಯಲೂ ಮನಸ್ಸು ಬರಲಿಲ್ಲ.

ಅತ್ತೆ ಏನಾದರೂ ಅಂದಾರು ಅಂತ ಕಾದೆ. ಹನ್ನೊಂದನೇ ದಿನ ಬಾಗಿಲಿಗೆ ಅಡ್ಡ ನಿಂತಿದ್ದ ಹೆಂಗಸು. ಅವರು ಮೊರದಲ್ಲಿದ್ದ ಸೊಪ್ಪಿನಲ್ಲಿ ಕೈಯಾಡಿಸುತ್ತ, "ಬನ್ನಿ ಅದಕ್ಕೇನಂತೆ. ನನ್ ಮಗನ್ ಹತ್ರಕ್ಕೆ ಬತ್ತೀವಿ ಅನ್ನೋರ್ನ ಬ್ಯಾಡ ಅನ್ನಕ್ಕಾಯ್ತದಾ" ಅಂದರು. ಸತ್ತ ಮಗ ಸತ್ತ, ಇದ್ದ ಮಗನಿಗೆ ಕೆಲಸ ಆಗಬೇಕು, ನಡುವೆ ಸೊಸೆಯ ಹಣೆ ಏನು ಮಹಾ ಅಂದುಕೊಂಡರೇನೋ ಅನ್ನಿಸಿತು. ಸಂಜೆ ಗೆಳತಿ ದೊಡ್ಡಲಕ್ಷ್ಮಮ್ಮನನ್ನು ಕಟ್ಟಿಕೊಂಡು ಎಲ್ಲಿಗೋ ಹೋದವರು ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಬಂದರು. ಎಲ್ಲಿಗೆ ಹೋಗಿದ್ದಿರಿ ಅಂತ ನಾನು ಕೇಳಲಿಲ್ಲ.

ಬೆಳಿಗ್ಗೆ ನಾನು ಹಣೆ ತೊಳೆದುಕೊಂಡು, ಇಡಲೋ ಬೇಡವೋ ಅಂತ ಕುಂಕುಮದ ಭರಣಿ ಮುಂದೆ ಕೂತಿದ್ದೆ. ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಭರಣಿಗೆ ಬೆರಳು ಅದ್ದಿದರು. ಅವರು ಕುಂಕುಮ ಮುಟ್ಟಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಬ್ಬದಲ್ಲೂ ಬೇರೆಯವರ ಕೈಯಲ್ಲೇ ಕೊಡಿಸುತ್ತಿದ್ದರು.

"ಅತ್ತೆ, ನೀವು..." ಅಂದೆ.

"ಈ ಕೈಯಾಗೆ ಇಡಬಾರ್ದು ಅಂತಾರೆ. ತೊಳ್ಕಂಡ್ ಬಂದಿದ್ದೀನಿ ಬುಡು" ಅಂದರು. ನನ್ನ ಹಣೆಗೆ ಅಗಲವಾಗಿ, ಕಾಸಿನಗಲ ಇಟ್ಟರು. ಆಮೇಲೆ, "ಹುಳ ನಾಕ್ನೇ ಜ್ವರ ಎದ್ದವೆ. ಸೊಪ್ಪು ಸುರಿದಷ್ಟೂ ಸಾಲ್ದು. ನೀನು ಹುಳುಮನೆ ಬುಟ್ಟು ಹೊರಕ್ಕೆ ಬರಬ್ಯಾಡ. ಯಾರ್ ಕರೆದ್ರೂ ಬರಬ್ಯಾಡ. ಸಮಾಧಿ ಹತ್ರಕ್ಕೆ ಹೋದೋರು ಮೈ ತೊಳ್ಕಳ್ದೆ ಹುಳುಮನೆ ಬಾಗ್ಲಿಗೆ ಬರಂಗಿಲ್ಲ, ಗೊತ್ತಲ್ಲ" ಅಂದರು.

ಆಗ ನನಗೆ ಒಸಿ ಒಸಿಯಾಗಿ ಅರ್ಥವಾಗತೊಡಗಿತು.

ನಮ್ಮ ಹುಳುಮನೆಯ ಕಿಟಕಿಯಿಂದ ಪಂಪ್‌ಸೆಟ್ ನೇರವಾಗಿ ಕಾಣುತ್ತದೆ. ಹುಳುಗಳು ಮಳೆ ಸುರಿದಂತೆ ಸದ್ದು ಮಾಡುತ್ತ ಮೇಯುತ್ತಿದ್ದವು. ನಾನು ಸೊಪ್ಪು ಹಾಕುತ್ತ, ಬಗ್ಗಿ ಬಗ್ಗಿ ನೋಡುತ್ತಿದ್ದೆ. ಸಮಾಧಿಯಿಂದ ಹತ್ತು ಮಾರು ದೂರದಲ್ಲಿ ಅತ್ತೆ ಮೂರು ಕಲ್ಲು ಹೂಡಿ ಹಂಡೆ ಇಟ್ಟಿದ್ದರು. ಉರಿ ಜೋರಾಗಿತ್ತು. ಪಕ್ಕದಲ್ಲಿ ಚೊಂಬು, ಸೀಗೆಪುಡಿ, ಮಡಿಸಿಟ್ಟ ಟವೆಲುಗಳು. ಮನೋಹರ್ ಏನೋ ಕೇಳುತ್ತಿದ್ದ. ಅತ್ತೆ ಸೌದೆ ಮುಂದಕ್ಕೆ ತಳ್ಳುತ್ತಿದ್ದರು.

ಕಾರುಗಳು ಬಂದವು. ಇಸ್ತ್ರಿ ಮುರಿಯದ ಬಿಳಿ ಬಟ್ಟೆಯ ದೊಡ್ಡ ದಂಡೇ ಇಳಿಯಿತು. ದೊಡ್ಡಹನುಮಯ್ಯನವರು ಚಪ್ಪಲಿ ಬಿಟ್ಟು ಬಂದು ಹಾರ ಹಾಕಿದರು. ಕಣ್ಣು ಮುಚ್ಚಿ ನಿಂತರು. ಕ್ಯಾಮೆರಾದವನು ಸುತ್ತ ಕುಣಿದ. ಎಲ್ಲ ಪುನೀತ್ ಹೇಳಿದಂತೆಯೇ ನಡೆಯಿತು. ಇನ್ನೇನು ಊರೊಳಗೆ ಹೊರಡಬೇಕು, ಅತ್ತೆ ಸೆರಗು ಹೊದ್ದು ಕೈಮುಗಿದು ದಾರಿಗೆ ಬಂದರು. ಆಮೇಲಿನ ಮಾತುಗಳನ್ನು ನನಗೆ ಹೇಳಿದ್ದು ಅಲ್ಲೇ ನಿಂತಿದ್ದ ದೊಡ್ಡಲಕ್ಷ್ಮಮ್ಮ.

"ನೀರು ಕಾದದೆ ಬುದ್ಧಿ. ಮೈ ತೊಳ್ಕಂಡ್ ಹೋಗಿ."

ಪುನೀತ್ ಮಧ್ಯೆ ಬಂದು, "ಅಮ್ಮಾ, ಟೈಮ್ ಇಲ್ಲ. ಊರಲ್ಲಿ ಆರತಿ ಹಿಡ್ಕೊಂಡು ಕಾಯ್ತಿದಾರೆ" ಅಂದರು.

"ಯಾರೂ ಕಾಯ್ತಿಲ್ಲ ಕಣಪ್ಪ" ಅಂದಳು ದೊಡ್ಡಲಕ್ಷ್ಮಮ್ಮ. "ಗುಣಿ ಹತ್ರದಿಂದ ಹಂಗೇ ಬಂದೋರ್ಗೆ ಯಾವ ಮನೆ ಹೆಂಗಸು ಆರತಿ ಎತ್ತಾಳು? ಹೊಸಲಿಗೂ ಬುಟ್ಕಳಲ್ಲ."

ಹಿಂದಿನ ಸಂಜೆ ಇಬ್ಬರೂ ಹೋಗಿದ್ದು ಇದಕ್ಕೇ. ಪ್ರತಿ ಮನೆಯ ಹೆಂಗಸರಿಗೂ ಒಂದೇ ಮಾತು, ಅವರು ಸಮಾಧಿಯಿಂದ ನೇರ ನಿಮ್ಮ ಬಾಗಿಲಿಗೆ ಬರುತ್ತಾರೆ, ನೋಡಿಕೊಳ್ಳಿ ಅಂತ. ನಿಜ ಹೇಳಬೇಕೆಂದರೆ ಹೆಣ ಹೂತ ಗುಣಿಯ ಹತ್ತಿರ ಹೋದವರು ಮೈ ತೊಳೆದೇ ಮನೆಗೆ ಬರಬೇಕು ಅನ್ನುವ ಈ ಶಾಸ್ತ್ರ ಮಣ್ಣು ಮಾಡಿದ ದಿನಕ್ಕೆ ಸೇರಿದ್ದು. ಆರು ವರ್ಷದ ಹಿಂದಿನ ಸಮಾಧಿಗೆ ಹಾರ ಹಾಕಿದವರು ಕಾಲಿಗೆ ನೀರು ಹಾಕಿಕೊಂಡರೆ ಬೇಕಾದಷ್ಟಾಯಿತು. ಆದರೆ ಒಳ್ಳೆಯ ಕೆಲಸವನ್ನು ಗುಣಿಯಿಂದ ಶುರು ಮಾಡಿದ ಮೇಲೆ ಅದನ್ನು ವಾದಿಸುವವರು ಯಾರು? ಬಿಳಿ ಬಟ್ಟೆಯ ದಂಡಿನಲ್ಲಿ ಗುಸುಗುಸು ಎದ್ದಿತು. ಹಿಂದೆ ನಿಂತಿದ್ದ ಒಬ್ಬರು ಹಿರಿಯರು, "ಮೊದ್ಲ ದಿನವೇ ಅಪಶಕುನ ಆಯ್ತಲ್ಲಪ್ಪ" ಅಂದುಬಿಟ್ಟರು. ಇಬ್ಬರು ಮೂವರು ಆಗಲೇ ಕಾರಿನ ಕಡೆ ಜಾರಿದರು. ಮನೋಹರ್ ಮುಖ ಬಿಳಿಚಿಕೊಂಡಿತ್ತು. ಅವ್ವ ತನ್ನ ಕೆಲಸ ಕೆಡಿಸಿದಳು ಅಂತ ಅವನು ಅಲ್ಲೇ ಕೂಗಾಡಬಹುದಿತ್ತು. ಆದರೆ ಅವ್ವ ಬೇಡ ಅಂದಿರಲಿಲ್ಲವಲ್ಲ. ಬನ್ನಿ ಅಂದಿದ್ದರು, ನೀರನ್ನೂ ಕಾಯಿಸಿದ್ದರು.

ಪುನೀತ್ ಬಿಡಲಿಲ್ಲ. "ಇದೆಲ್ಲ ಮೂಢನಂಬಿಕೆ ಅಮ್ಮಾ" ಅಂದರು.

ಅತ್ತೆ ಅವರ ಕಡೆ ನೋಡಲೇ ಇಲ್ಲವಂತೆ. ದೊಡ್ಡಹನುಮಯ್ಯನವರಿಗೇ ಹೇಳಿದರಂತೆ. "ನನ್ ಮಗ ಬಂದಾಗ ಇದೇ ಹಂಡೇಲಿ ನೀರು ಕಾಯಿಸಿದ್ದೆ ಬುದ್ಧಿ. ಪೆಟ್ಟಿಗೆ ತೆಗೀನಿಲ್ಲ. ಹೆತ್ತ ಮಗನ ಮೈಗೆ ಒಂದ್ ಚೊಂಬು ನೀರು ಹುಯ್ಯಕ್ಕಾಗ್ನಿಲ್ಲ. ಅವನ ಹತ್ರಕ್ಕೆ ಬಂದೋರ್ಗಾದ್ರೂ ಹುಯ್ತೀನಿ. ಬ್ಯಾಡ ಅನ್ನಬ್ಯಾಡಿ."

ನಾನು ಬೆಳಿಗ್ಗೆಯಿಂದ ಇದು ಬರೀ ಉಪಾಯ ಅಂದುಕೊಂಡಿದ್ದೆ. ದೊಡ್ಡಲಕ್ಷ್ಮಮ್ಮ ಈ ಮಾತು ಹೇಳಿದ ಮೇಲೆ ಗೊತ್ತಾಯಿತು. ಆರು ವರ್ಷದಿಂದ ಆ ನೀರು ಅತ್ತೆಯೊಳಗೆ ಹಾಗೇ ಇತ್ತು.

ಕಿಟಕಿಯಿಂದ ನನಗೆ ಕಂಡದ್ದು ಇಷ್ಟು. ದೊಡ್ಡಹನುಮಯ್ಯನವರು ಹಂಡೆಯ ಕಡೆ ತಿರುಗಿದರು. ಕ್ಯಾಮೆರಾದವನಿಗೆ ಹೋಗು ಅಂತ ಕೈಸನ್ನೆ ಮಾಡಿದರು. ಅಂಗಿ ಬಿಚ್ಚಿ ಪುನೀತ್ ಕೈಗೆ ಕೊಟ್ಟರು. ಟವೆಲು ಸುತ್ತಿಕೊಂಡು ಕಲ್ಲಿನ ಮೇಲೆ ಕೂತರು. ಅತ್ತೆ ಚೊಂಬು ಚೊಂಬು ನೀರು ಹೊಯ್ದರು. ಅಷ್ಟು ದಪ್ಪ ಮನುಷ್ಯ ತಲೆ ಬಗ್ಗಿಸಿ ಮಗುವಿನ ಹಾಗೆ ಕೂತಿದ್ದರು. ನೀರಿನ ಜೊತೆ ಅತ್ತರೋ ಏನೋ, ದೂರಕ್ಕೆ ಗೊತ್ತಾಗಲಿಲ್ಲ. ಎದ್ದು, ಮೈ ಒರೆಸಿಕೊಂಡು, ಅತ್ತೆಗೆ ಕೈಮುಗಿದರು. "ನಮ್ಮವ್ವನೂ ಹಿಂಗೇ ಹುಯ್ಯೋಳು" ಅಂದರಂತೆ. ಸೊಸೆ ಎಲ್ಲಿ ಅಂತ ಪುನೀತ್ ಕೇಳಿದ್ದಕ್ಕೆ, "ಬುಡಯ್ಯ ಅತ್ಲಾಗೆ" ಅಂದರಂತೆ. ಶಾಮಿಯಾನದಲ್ಲಿ ಅವತ್ತು ಸಭೆ ನಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೂಟ ಕಿತ್ತುಕೊಂಡು ಹೋದರು.

ಆ ಚುನಾವಣೆಯಲ್ಲಿ ಅವರು ಸೋತರು. ನಮ್ಮ ಹಂಡೆ ನೀರಿನಿಂದಲೇ ಸೋತರು ಅಂತ ಊರಲ್ಲಿ ಆಡಿಕೊಂಡು ನಕ್ಕರು, ಅದೆಲ್ಲ ಸುಳ್ಳು. ಮನೋಹರ್ ಅವ್ವನ ಜೊತೆ ಒಂದಷ್ಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಬಡಿಸಿದರೆ ಉಣ್ಣುವನು, ಏಳುವನು. ಅತ್ತೆ ಅದನ್ನೂ ಸಹಿಸಿಕೊಂಡರು. ಆಮೇಲೆ ಅವನು ಹಾರೋಹಳ್ಳಿಯ ಇನ್ನೊಂದು ಕಾರ್ಖಾನೆಗೆ ಸೇರಿದ. ಅಲ್ಲೂ ಕಾಂಟ್ರಾಕ್ಟೇ. ಆದರೆ ಒಂದು ದಿನ ಕಂಪನಿ ಬಸ್ಸಿಳಿದು ಬಂದವನು ಕೈಕಾಲು ತೊಳೆದುಕೊಂಡು ಸೀದಾ ಹುಳುಮನೆಗೆ ಬಂದು, "ಅತ್ತಿಗೆ, ಆವತ್ತು ನಾನು ಹಂಗನ್ನಬಾರದಿತ್ತು" ಅಂದ. ನಾನು ಅವನ ಕೈಗೆ ಸೊಪ್ಪಿನ ಬುಟ್ಟಿ ಕೊಟ್ಟೆ. ಅಷ್ಟಕ್ಕೇ ಮುಗಿಯಿತು.

ಕಾವೇರಮ್ಮನ ಹಂಡೆಯ ಸುದ್ದಿ ಎಲ್ಲ ಪಾರ್ಟಿಗಳಿಗೂ ಮುಟ್ಟಿತ್ತು. ಮರುವರ್ಷ ಲೋಕಸಭೆಗೆ ಮತ್ತೆ ಚುನಾವಣೆ ನಡೆದಾಗ ಹೊಂಗೆ ಮರದ ಕಡೆಗೆ ಒಂದು ಕಾರೂ ತಿರುಗಲಿಲ್ಲ. ಅತ್ತೆ ಎಂದಿನಂತೆ ಕಟ್ಟೆ ಗುಡಿಸಿ, ಮಗನಿಗೆ ಹುಳುವಿನ ಸಮಾಚಾರ ಹೇಳಿ, ಸೊಪ್ಪು ಹೊತ್ತು ಬಂದರು. ಪುಟ್ಟಿ ಅಜ್ಜಿಯ ಹಿಂದೆ ಹೋಗಿ ಅಪ್ಪನ ಕಟ್ಟೆ ಮೇಲೆ ಕೂತು ಮಗ್ಗಿ ಓದಿಕೊಳ್ಳುತ್ತಿದ್ದಳು.

ಆ ವರ್ಷ ದೀಪಾವಳಿ ಕಳೆದ ಮೇಲೆ ಅತ್ತೆ ಹೋದರು. ಮಲಗಿ ನರಳಲಿಲ್ಲ. ಬೆಳಗಿನ ಸೊಪ್ಪು ಹಾಕಿ, ಜಗಲಿಯಲ್ಲಿ ಗೋಡೆಗೆ ಒರಗಿದವರು ಏಳಲಿಲ್ಲ. ಮಗನ ಪಕ್ಕದಲ್ಲೇ ಗುಣಿ ತೋಡಿಸಿದೆವು. ಮನೋಹರ್ ತಾನೇ ಹಂಡೆಗೆ ನೀರು ತುಂಬಿ ಉರಿ ಹಾಕಿದ. ಅತ್ತೆಗೆ ನಾನು ಮೈ ತೊಳೆಸಿದೆ. ಸೀಗೆಪುಡಿ ಹಾಕಿ ತಲೆ ಉಜ್ಜಿದೆ, ಕಾಲು ಉಜ್ಜಿದೆ, ಉಗುರಿನ ಸಂದಿಯಲ್ಲಿದ್ದ ಸೊಪ್ಪಿನ ಕರೆ ಹೋಗುವವರೆಗೂ ಕೈ ಉಜ್ಜಿದೆ. ಜೀವಮಾನವೆಲ್ಲ ಬೇರೆಯವರಿಗೆ ನೀರು ಹೊಯ್ದ ಹೆಂಗಸಿಗೆ ಅವತ್ತು ಒಂದು ಚೊಂಬೂ ಕಡಿಮೆಯಾಗಬಾರದು ಅಂತ ನನಗೆ ಹಟ.

ಹೊಸ ಸೀರೆ ಉಡಿಸಿದ ಮೇಲೆ ಹೂವು ಹಾಕಿದರು. ಹೆಂಗಸರು ಹಿಂದೆ ಸರಿದರು. ಗಂಡ ಸತ್ತವಳಿಗೆ ಅಷ್ಟೇ, ಕುಂಕುಮ ಇಡುವುದಿಲ್ಲ. ಇಡುವುದಿದ್ದರೂ ನನ್ನಂಥವಳು ಇಡುವಂತಿಲ್ಲ. ನಾನು ಒಳಗೆ ಹೋಗಿ ಭರಣಿ ತಂದೆ. ಹನ್ನೊಂದನೇ ದಿನ ನನ್ನ ಹಣೆ ಅಳಿಸಲು ಬಂದಿದ್ದ ಹೆಂಗಸರೂ ಅಲ್ಲಿದ್ದರು. ಯಾರಾದರೂ ಅಡ್ಡ ಬಂದಾರು ಅಂತ ಒಂದು ಗಳಿಗೆ ಕಾದೆ. ದೊಡ್ಡಲಕ್ಷ್ಮಮ್ಮ ಮುಂದೆ ಬಂದು ಅತ್ತೆಯ ಹಣೆ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ಹಿಡಿದುಕೊಂಡಳು.

ಅಷ್ಟು ವರ್ಷ ಖಾಲಿ ಇದ್ದ ಹಣೆಗೆ ಅಗಲವಾಗಿ, ಕಾಸಿನಗಲ ಇಟ್ಟೆ.

"ತೊಳ್ಕಂಡ್ ಬಂದಿದ್ದೀನಿ ಅತ್ತೆ" ಅಂದೆ.